ಅಂಗಳ ಬಿಟ್ಟುಕೊಟ್ಟ ದೇಶ

ಕುವೈತಿನ ಮರಳುಗಾಡಿಗೆ ವರ್ಷಕ್ಕೆ ಒಂದೇ ಒಳ್ಳೆಯ ಕಾಲ. ಚಳಿ ಸರಿದು, ಬಿಸಿಲು ಇನ್ನೂ ಬಲಿಯದ ಫೆಬ್ರವರಿ, ಮಾರ್ಚ್ ತಿಂಗಳುಗಳು. ಚಳಿಗಾಲದಲ್ಲಿ ಬಿದ್ದ ನಾಲ್ಕು ಹನಿ ಮಳೆಗೆ ನೆಲದ ಮೇಲೆ ತೆಳ್ಳಗೆ ಹಸಿರು ಮೂಡಿರುತ್ತದೆ. ಅರ್ಫಜ್ ಪೊದೆಗಳು ಹಳದಿ ಹೂವಿಗೆ ಅಣಿಯಾಗುತ್ತಿರುತ್ತವೆ. ಮಳೆ ಚೆನ್ನಾಗಿ ಆದ ವರ್ಷ ಮರಳಿನಡಿಯ ಫಗಾ ಎಂಬ ಅಣಬೆ ಮಾರುಕಟ್ಟೆಗೆ ಬರುತ್ತದೆ. ಪಟ್ಟಣದ ಜನ ಏಸಿ ಮನೆಗಳಿಗೆ ಬೀಗ ಹಾಕಿ, ಜೀಪಿನ ಮೇಲೆ ಡೇರೆ, ಜಮಖಾನೆ, ಜನರೇಟರು ಹೇರಿಕೊಂಡು ಜಹ್ರಾ ಊರಿನಾಚೆಯ ಬಯಲಿನಲ್ಲಿ ಬೀಡು ಬಿಡುತ್ತಾರೆ. ಸಂಜೆಯಾದರೆ ಸಾಲು ಡೇರೆಗಳ ಮುಂದೆ ಕಟ್ಟಿಗೆಯ ಬೆಂಕಿ, ಏಲಕ್ಕಿ ಹಾಕಿದ ಕಾಫಿಯ ಘಮ, ಹೊಗೆಗೆ ಕೆಮ್ಮುತ್ತಲೇ ಹಳೆಯ ಕಥೆ ಹೇಳುವ ಅಜ್ಜಂದಿರು, ದಿಬ್ಬ ಹತ್ತಿ ಇಳಿಯುವ ಹುಡುಗರ ಬೈಕುಗಳ ಸದ್ದು. ಎಣ್ಣೆ ಸಿಗುವ ಮುಂಚೆ ಹಿರಿಯರು ಬಾಳಿದ್ದ ಬಗೆಯನ್ನು ಮೊಮ್ಮಕ್ಕಳು ಕೆಲವು ವಾರ ಆಡಿ ನೋಡುವ ಋತು ಅದು.

2003ರಲ್ಲಿ ಆ ಋತು ಅರ್ಧಕ್ಕೇ ಮುಗಿಯಿತು. ಡೇರೆ ಕಿತ್ತುಕೊಂಡು ಹೊರಡಬೇಕೆಂದು ಸರಕಾರದ ಅಪ್ಪಣೆಯಾಯಿತು. ದೇಶದ ಉತ್ತರಾರ್ಧಕ್ಕೆ ಇನ್ನು ಸಾಮಾನ್ಯರಿಗೆ ಪ್ರವೇಶವಿಲ್ಲ. ಕುರಿ ಒಂಟೆಗಳನ್ನು ಮೇಯಿಸುತ್ತಿದ್ದ ಬೆದೂಯಿನ್ ಕುರುಬರು ಮಂದೆಯನ್ನು ದಕ್ಷಿಣಕ್ಕೆ ತಿರುಗಿಸಿದರು. ಜಹ್ರಾ ದಾಟಿದ ಮೇಲೆ ರಸ್ತೆಗೆ ಅಡ್ಡ ತಡೆಗೋಲು ಬಿತ್ತು, ಪಕ್ಕದಲ್ಲಿ ಪೊಲೀಸರು ನಿಂತರು. ಅರ್ಧ ದೇಶವೆಂದರೆ ಎಷ್ಟು? ಕುವೈತಿನ ಒಟ್ಟು ವಿಸ್ತೀರ್ಣವೇ ಹದಿನೆಂಟು ಸಾವಿರ ಚದರ ಕಿಲೋಮೀಟರಿಗೆ ತುಸು ಕಡಿಮೆ. ನಮ್ಮ ಬೆಳಗಾವಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳನ್ನು ಒಟ್ಟು ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಪುಟ್ಟ ದೇಶ, ಮನೆಯ ಮದುವೆಗೆ ನೆರೆಮನೆಯವರು ಅಂಗಳ ಬಿಟ್ಟುಕೊಡುವ ಹಾಗೆ, ತನ್ನ ಅರ್ಧ ನೆಲವನ್ನು ಇರಾಕಿನ ಮೇಲಿನ ಅಮೆರಿಕದ ಯುದ್ಧಕ್ಕೆ ಬಿಟ್ಟುಕೊಟ್ಟಿತ್ತು. ನಡೆಯಬೇಕಿದ್ದದ್ದು ಮದುವೆಯಲ್ಲ, ಅಷ್ಟೇ.

ಆ ದಿನಗಳ ಎಂಬತ್ತನೇ ಹೆದ್ದಾರಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕುವೈತ್ ನಗರದಿಂದ ಜಹ್ರಾ, ಅಲ್ಲಿಂದ ಮುತ್ಲಾ ದಿಬ್ಬ ಹತ್ತಿ ಇಳಿದು, ಅಬ್ದಲಿ ಗಡಿಯವರೆಗೆ ನೂರು ಚಿಲ್ಲರೆ ಕಿಲೋಮೀಟರು ನೆಟ್ಟಗೆ ಹೋಗುವ ರಸ್ತೆ ಅದು. ಮೊದಲು ದೂರದಲ್ಲಿ ಧೂಳಿನ ಗೋಡೆಯೊಂದು ಕಾಣುತ್ತದೆ. ಆಮೇಲೆ ಕಾಲಡಿಯ ನೆಲ ಸಣ್ಣಗೆ ನಡುಗುತ್ತದೆ. ಮುಂದೆ ಪೊಲೀಸ್ ಜೀಪು, ಅದರ ಹಿಂದೆ ಉದ್ದನೆಯ ಟ್ರೇಲರುಗಳು, ಪ್ರತಿಯೊಂದರ ಬೆನ್ನಿನ ಮೇಲೂ ಸರಪಳಿ ಬಿಗಿದು ಕೂರಿಸಿದ ಮರಳು ಬಣ್ಣದ ಟ್ಯಾಂಕು. ಟ್ಯಾಂಕು ಅಮೆರಿಕದ್ದಾದರೂ ಎಷ್ಟೋ ಲಾರಿಗಳ ಚಕ್ರ ಹಿಡಿದವನು ಪಾಕಿಸ್ತಾನದವನು, ಭಾರತದವನು, ಈಜಿಪ್ಟಿನವನು. ಬಾಡಿಗೆಗೆ ಗೊತ್ತುಮಾಡಿದ ಲಾರಿಗಳ ಕನ್ನಡಿಗೆ ಜಪಸರ ನೇತಾಡುತ್ತಿರುತ್ತದೆ, ಗಾಜಿನ ಮೇಲೆ ದೇವರ ಹೆಸರು ಬರೆದಿರುತ್ತದೆ, ಚಾಲಕನ ಪಕ್ಕದಲ್ಲಿ ರೊಟ್ಟಿ ಸುತ್ತಿದ ಕಾಗದ, ನೀರಿನ ಬಾಟಲಿ. ಅವರಿಗೆ ಅದು ಇನ್ನೊಂದು ಬಾಡಿಗೆ: ಬಂದರಿನಲ್ಲಿ ಹೇರುವುದು, ಬಯಲಿನಲ್ಲಿ ಇಳಿಸುವುದು, ಖಾಲಿ ಗಾಡಿ ಹೊಡೆದುಕೊಂಡು ವಾಪಸು ಬರುವುದು. ಡೀಸೆಲ್ ಹೊಗೆ, ಕಾದ ಟೈರಿನ ವಾಸನೆ, ಹಲ್ಲಿನ ಸಂದಿಗೂ ಸೇರುವ ನುಣ್ಣನೆಯ ಮರಳು. ಒಂದು ಸಾಲು ಹಾದುಹೋಗಿ ಕಿವಿಗೆ ಬಿಡುವಾಯಿತೆನ್ನುವಾಗ ಇನ್ನೊಂದು ಸಾಲಿನ ಧೂಳು ಏಳುತ್ತದೆ.

ದಕ್ಷಿಣದ ಶುವೈಬಾ ಬಂದರಿನಲ್ಲಿ ಹಗಲು ರಾತ್ರಿಯ ಭೇದವೇ ಇರಲಿಲ್ಲ. ಪಕ್ಕದಲ್ಲೇ ತೈಲ ಶುದ್ಧೀಕರಣ ಘಟಕ. ಗಾಳಿ ಆ ಕಡೆಯಿಂದ ಬೀಸಿದರೆ ಗಂಧಕದ ಘಾಟು ಗಂಟಲಿಗೆ ಹತ್ತುತ್ತದೆ. ಹಡಗು ದಡ ಮುಟ್ಟಿ ಹಿಂಬದಿಯ ಬಾಗಿಲು ತೆರೆದು ಕಬ್ಬಿಣದ ಹಾಸು ಇಳಿಸಿದರೆ, ಒಳಗಿನ ಕತ್ತಲೆಯಿಂದ ಒಂದರ ಹಿಂದೊಂದು ಜೀಪು, ಟ್ಯಾಂಕರು, ತೋಪಿನ ಗಾಡಿ ಬೆಳಕಿಗೆ ಬರುತ್ತಿದ್ದವು. ಇಷ್ಟೊಂದು ಸರಕು ಇದೊಂದೇ ಬಾಗಿಲಿನಿಂದ ಬಂದದ್ದಕ್ಕೆ ಸಾವಿರ ಮೈಲಿ ದೂರದ ಅಂಕಾರಾದ ಒಂದು ಮತದಾನವೂ ಕಾರಣ. ಉತ್ತರದಿಂದ ತುರ್ಕಿಯ ಮೂಲಕವೂ ಇರಾಕಿಗೆ ನುಗ್ಗಬೇಕೆಂದು ಅಮೆರಿಕ ಲೆಕ್ಕ ಹಾಕಿತ್ತು. 2003ರ ಮಾರ್ಚ್ 1ರಂದು ತುರ್ಕಿಯ ಸಂಸತ್ತಿನಲ್ಲಿ ಪರವಾಗಿ 264, ವಿರೋಧವಾಗಿ 250 ಮತ ಬಿದ್ದವು. 19 ಮಂದಿ ತಟಸ್ಥರಾಗಿ ಉಳಿದರು. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮದಿಂದಾಗಿ ಬರೀ ಮೂರು ಮತಕ್ಕೆ ಆ ಬಾಗಿಲು ಮುಚ್ಚಿತು. ಮೆಡಿಟರೇನಿಯನ್‌ ಸಮುದ್ರದಲ್ಲಿ ಕಾಯುತ್ತಿದ್ದ ಅಮೆರಿಕದ 4ನೇ ಪದಾತಿ ದಳದ ಸಾಮಾನಿನ ಹಡಗುಗಳು ಮೂತಿ ತಿರುಗಿಸಿ, ಸೂಯೆಜ್ ಕಾಲುವೆ ದಾಟಿ, ಅರಬ್ ನಾಡನ್ನೇ ಸುತ್ತಿಕೊಂಡು ಕುವೈತಿಗೆ ಬರಬೇಕಾಯಿತು. ಅವು ಬಂದು ಸೇರುವ ಹೊತ್ತಿಗೆ ಏಪ್ರಿಲ್ ತಿಂಗಳು. ಮುಖ್ಯ ಕಾಳಗ ಮುಗಿಯುತ್ತ ಬಂದಿತ್ತು.

ಬಯಲಿನಲ್ಲಿ ಎದ್ದ ಡೇರೆ ಊರುಗಳಿಗೆ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ವರ್ಜೀನಿಯಾ ಎಂದು ಹೆಸರಿಟ್ಟಿದ್ದರು. 2001ರ ಸೆಪ್ಟೆಂಬರ್ 11ರಂದು ವಿಮಾನಗಳು ಬಿದ್ದ ಮೂರು ರಾಜ್ಯಗಳ ಹೆಸರು ಅವು. ನಗರದ ಪಶ್ಚಿಮಕ್ಕೆ ಹಳೆಯ ಗೋದಾಮುಗಳ ಕ್ಯಾಂಪ್ ದೋಹಾ, ದಕ್ಷಿಣಕ್ಕೆ ಹೊಸದಾಗಿ ಕಟ್ಟುತ್ತಿದ್ದ ಕ್ಯಾಂಪ್ ಅರಿಫ್‌ಜಾನ್, ವಿಮಾನಗಳಿಗೆ ಅಲಿ ಅಲ್ ಸಾಲೆಮ್ ಮತ್ತು ಅಹ್ಮದ್ ಅಲ್ ಜಾಬೆರ್ ನೆಲೆಗಳು. ಮರಳಿನ ಮೇಲೆ ಇಂಧನದ ಪೈಪುಗಳು ಗಡಿಯ ಕಡೆ ಹರಿದಿದ್ದವು. ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಸುತ್ತಿದ ನೀರಿನ ಬಾಟಲಿಗಳ ಒಟ್ಟಿಲು. ವಿಷಾನಿಲ ಬಂದರೆ ಮೊದಲೇ ಗೊತ್ತಾಗಲೆಂದು ಅಮೆರಿಕದ ನೌಕಾ ಪದಾತಿಗಳು ಕುವೈತಿನ ಕೋಳಿಗಳನ್ನು ತರಿಸಿ ಗೂಡಿನಲ್ಲಿಟ್ಟುಕೊಂಡಿದ್ದರು. ಅನಿಲ ಬರಲಿಲ್ಲ, ಆ ಧೂಳು, ಆ ಚಳಿಯಲ್ಲಿ ಕೋಳಿಗಳೇ ಒಂದೊಂದಾಗಿ ಸತ್ತವು. ಆಮೇಲೆ ಪಾರಿವಾಳ ತರಿಸಿದರು.

ಲಕ್ಷ ಮೀರಿದ ಸೈನಿಕರಿಗೆ ಹೊತ್ತುಹೊತ್ತಿಗೆ ಅನ್ನ ಬೇಯಿಸಬೇಕು, ಬಟ್ಟೆ ಒಗೆಯಬೇಕು, ಪಾಯಿಖಾನೆ ತೊಳೆಯಬೇಕು. ಈ ಕೆಲಸವೆಲ್ಲ ದಕ್ಷಿಣ ಏಷ್ಯಾದ ಕೈಗಳ ಮೇಲೆ ನಡೆಯಿತು. ನಸುಕಿಗೆ ಮುಂಚೆ ಎದ್ದು, ಗುತ್ತಿಗೆದಾರನ ಬಸ್ಸು ಹಿಡಿದು, ತಪಾಸಣೆಯ ಸಾಲಿನಲ್ಲಿ ಗುರುತಿನ ಚೀಟಿ ಹಿಡಿದು ನಿಂತವರಲ್ಲಿ ಮಲಯಾಳಿಗಳು, ಆಂಧ್ರದವರು, ಬಾಂಗ್ಲಾದವರು. ಕುವೈತಿನ ಹೋಟೆಲು, ಆಸ್ಪತ್ರೆ, ಕಚೇರಿಗಳಲ್ಲಿ ನಮ್ಮ ಕರಾವಳಿಯ ಮಾತುಗಳು ಕಿವಿಗೆ ಬೀಳುವುದು ಹೊಸದೇನಲ್ಲ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಎಲ್ಲವೂ ಅಲ್ಲಿ ಸಲ್ಲುತ್ತವೆ. ದಿನಾರೊಂದಕ್ಕೆ ಆಗ ನೂರೈವತ್ತು ರೂಪಾಯಿಗೂ ಮೇಲೆ ಸಿಗುತ್ತಿತ್ತು. ಊರಿನಲ್ಲಿ ಏಳುತ್ತಿದ್ದ ಮನೆಯ ಗೋಡೆಗೆ ಆ ದುಡ್ಡು ಬೇಕಿತ್ತು. ಟೀವಿಯಲ್ಲಿ ಟ್ಯಾಂಕು ತೋರಿಸಿದಾಗಲೆಲ್ಲ ಉಡುಪಿಯಿಂದಲೋ ಬಂಟ್ವಾಳದಿಂದಲೋ ಫೋನು ಬರುತ್ತಿತ್ತು. “ಅಮ್ಮ, ಇಲ್ಲಿ ಎಂತ ಇಲ್ಲ. ಟೀವಿಯವರು ಹಾಗೇ ಹೇಳುವುದು. ನೀವು ಊಟ ಮಾಡಿ ಮಲಗಿ.” ಹೀಗೆ ಹೇಳಿ ಫೋನಿಟ್ಟವನು ಅಂಗಡಿಗೆ ಹೋಗಿ ಕಿಟಕಿಗೆ ಅಂಟಿಸುವ ಅಗಲ ಟೇಪು ಕೊಳ್ಳುತ್ತಿದ್ದ.

ಟೇಪು, ಪ್ಲಾಸ್ಟಿಕ್ ಹಾಳೆ, ಬ್ಯಾಟರಿ, ಡಬ್ಬಿ ಆಹಾರ, ಗ್ಯಾಸ್ ಮಾಸ್ಕ್ – ಅಂಗಡಿಗಳಲ್ಲಿ ಜನ ಹುಡುಕಿದ್ದು ಇವನ್ನೇ. ಮನೆಯ ಒಳಕೋಣೆಯೊಂದನ್ನು ಆರಿಸಿ, ಕಿಟಕಿ ಸಂದಿ, ಬಾಗಿಲಿನ ಅಡಿ ಎಲ್ಲ ಮುಚ್ಚಿ, ನೀರು ತುಂಬಿಟ್ಟು, ರೇಡಿಯೊ ಇಟ್ಟುಕೊಳ್ಳುವುದು. ಹಳಬರಿಗೆ ಇದು ಎರಡನೇ ಸಲ. 1990ರ ಆಗಸ್ಟ್ 2ರ ಬೆಳಗ್ಗೆ ಇರಾಕಿನ ಟ್ಯಾಂಕುಗಳು ಇದೇ ಎಂಬತ್ತನೇ ಹೆದ್ದಾರಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಉರುಳಿ ಬಂದಿದ್ದವು. ಆಗ ದಾರಿಗಾಣದೆ ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬಯಿಗೆ ಬಂದಿಳಿದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಕೈಯಲ್ಲೊಂದು ಚೀಲ ಹಿಡಿದು ಊರಿಗೆ ಬಂದು, ಎಲ್ಲ ತಣ್ಣಗಾದ ಮೇಲೆ ಮತ್ತೆ ಹೊರಟುಹೋದವರ ಮನೆಗಳು ಕರಾವಳಿಯಲ್ಲಿ ಈಗಲೂ ಇವೆ.

ಕುವೈತಿನವರು ಅಮೆರಿಕಕ್ಕೆ ಇಷ್ಟೆಲ್ಲ ಯಾಕೆ ಬಿಟ್ಟುಕೊಟ್ಟರು ಎಂದು ತಿಳಿಯಬೇಕಾದರೆ ಯಾವುದಾದರೂ ದಿವಾನಿಯಾಕ್ಕೆ ಹೋಗಿ ಕೂರಬೇಕು. ಪ್ರತಿ ದೊಡ್ಡ ಮನೆಗೂ ಹೊಂದಿಕೊಂಡ ಗಂಡಸರ ಹರಟೆಯ ಚಾವಡಿ ಅದು. ನಾಲ್ಕು ಗೋಡೆಗೂ ಒರಗುದಿಂಬು, ನೆಲಕ್ಕೆ ರತ್ನಗಂಬಳಿ, ಮೂಲೆಯಲ್ಲಿ ಊದಿನ ಕಟ್ಟಿಗೆಯ ಧೂಪ. ಬಂದವರು ಎಲ್ಲರ ಕೈಕುಲುಕಿ ಕೂರುತ್ತಾರೆ. ಕೆಲಸದ ಹುಡುಗ ಕೊಕ್ಕಿನ ಪಾತ್ರೆಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದೆರಡು ಗುಟುಕು ಕಾಫಿ ಬಗ್ಗಿಸುತ್ತಾನೆ. ಸಾಕೆನ್ನಿಸಿದಾಗ ಬಟ್ಟಲನ್ನು ಅಲುಗಾಡಿಸಿ ಕೊಟ್ಟರಾಯಿತು. ಆ ಚಳಿಗಾಲದಲ್ಲಿ ಅಲ್ಲಿ ಎಣ್ಣೆಯ ಬೆಲೆಗಿಂತ ಹೆಚ್ಚಾಗಿ ಬರುತ್ತಿದ್ದ ಮಾತು ಕಾಣೆಯಾದವರದ್ದು. ಏಳು ತಿಂಗಳ ಆಕ್ರಮಣದ ಕೊನೆಗೆ, 1991ರ ಫೆಬ್ರವರಿಯಲ್ಲಿ, ಓಡುತ್ತಿದ್ದ ಇರಾಕಿ ಪಡೆ ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಹಚ್ಚಿತ್ತು. ಹಗಲೇ ದೀಪ ಹಚ್ಚಬೇಕಾದ ತಿಂಗಳುಗಳು ಅವು. ಕೊನೆಯ ಬಾವಿ ಆರಿದ್ದು ಆ ವರ್ಷದ ನವೆಂಬರಿನಲ್ಲಿ. ಬೆಂಕಿ ಆರಿತು. ಆದರೆ ಸೈನಿಕರು ಹಿಡಿದೊಯ್ದ 605 ಮಂದಿ ಎಲ್ಲಿದ್ದಾರೆಂದು ಬಾಗ್ದಾದ್ ಹೇಳಲೇ ಇಲ್ಲ. ಅವರಲ್ಲಿ ವಿದ್ಯಾರ್ಥಿಗಳಿದ್ದರು, ಹೆಂಗಸರಿದ್ದರು. ಹನ್ನೆರಡು ವರ್ಷ ಮಗನ ಕೋಣೆಯ ಹಾಸಿಗೆ ಬದಲಿಸುತ್ತಲೇ ಇದ್ದ ತಾಯಂದಿರ ದೇಶದಲ್ಲಿ, ಇರಾಕಿನ ಅಧ್ಯಕ್ಷ ಸದ್ದಾಂನನ್ನು ಕೆಳಗಿಳಿಸಲು ಬಂದವರಿಗೆ ಜಾಗವಿಲ್ಲ ಎನ್ನುವುದು ಯಾರಿಗೂ ಸುಲಭವಾಗಿರಲಿಲ್ಲ.

ಹಾಗೆಂದು ಎಲ್ಲರೂ ಒಂದೇ ಮನಸ್ಸಿನವರೂ ಅಲ್ಲ. 2002ರ ಅಕ್ಟೋಬರಿನಲ್ಲಿ ಫೈಲಕಾ ದ್ವೀಪದಲ್ಲಿ ತಾಲೀಮು ನಡೆಸುತ್ತಿದ್ದ ಅಮೆರಿಕದ ಯೋಧರ ಮೇಲೆ ಇಬ್ಬರು ಕುವೈತಿಗಳೇ ಗುಂಡು ಹಾರಿಸಿದರು. ಒಬ್ಬ ಯೋಧ ಸತ್ತ. ಜನವರಿಯಲ್ಲಿ ಕ್ಯಾಂಪ್ ದೋಹಾದ ಹತ್ತಿರ ಕಾರಿನಲ್ಲಿ ಹೋಗುತ್ತಿದ್ದ ಅಮೆರಿಕದ ನೌಕರನೊಬ್ಬ ಹೊಂಚುದಾಳಿಗೆ ಬಲಿಯಾದ. ಸರಕಾರವೂ ಮಾತನ್ನು ತೂಗಿ ಆಡುತ್ತಿತ್ತು. ನಮ್ಮ ಸೇನೆ ಗಡಿ ದಾಟುವುದಿಲ್ಲ, ನಾವು ಈ ಯುದ್ಧದಲ್ಲಿಲ್ಲ ಎನ್ನುತ್ತಲೇ, 1991ರ ಸೆಪ್ಟೆಂಬರಿನಲ್ಲಿ ಅಮೆರಿಕದೊಡನೆ ಮಾಡಿಕೊಂಡ ರಕ್ಷಣಾ ಒಪ್ಪಂದದ ನೆರಳಿನಲ್ಲಿ ಬಂದರು, ವಿಮಾನ ನಿಲ್ದಾಣ, ರಸ್ತೆ, ಇಂಧನ ಎಲ್ಲವನ್ನೂ ತೆರೆದಿಟ್ಟಿತ್ತು. ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಅರಬ್ ಲೀಗಿನ ಸಭೆಯಲ್ಲಿ ವಿದೇಶಿ ಪಡೆಗಳು ಕೂಡಲೇ ಹಿಂದೆ ಸರಿಯಬೇಕೆಂಬ ಠರಾವು ಬಂದಾಗ ಒಪ್ಪದೆ ಉಳಿದದ್ದು ಕುವೈತ್ ಒಂದೇ.

ಮುತ್ಲಾ ದಿಬ್ಬದಾಚೆ, ಗಡಿಯಲ್ಲಿ ಮರಳಿನ ಏರಿ, ಆಳದ ಕಂದಕ, ವಿದ್ಯುತ್ ಬೇಲಿ. 1991ರಿಂದ ಅಲ್ಲಿ ವಿಶ್ವಸಂಸ್ಥೆಯ ಕಾವಲು: ಇರಾಕಿನ ಒಳಗೆ ಹತ್ತು, ಕುವೈತಿನ ಒಳಗೆ ಐದು ಕಿಲೋಮೀಟರು ಅಗಲದ ನಿಸ್ಸೈನಿಕ ಪಟ್ಟಿ. 2003ರ ಮಾರ್ಚ್ ಮೊದಲ ವಾರ ಕಾವಲುಗಾರರ ಕಣ್ಣೆದುರೇ ಕೆಲಸಗಾರರು ಬಂದು ಬೇಲಿಯನ್ನು ಅಲ್ಲಲ್ಲಿ ಕತ್ತರಿಸಿ, ಗಾಡಿಗಳು ಸಲೀಸಾಗಿ ನುಗ್ಗುವಷ್ಟು ಅಗಲದ ದಾರಿ ಬಿಡಿಸತೊಡಗಿದರು. ವಿಶ್ವಸಂಸ್ಥೆಯವರು ಬರೆದುಕೊಂಡರು, ವರದಿ ಕಳಿಸಿದರು, 17ರಂದು ಗಂಟುಮೂಟೆ ಕಟ್ಟಿ ಹೊರಟರು. 20ರ ರಾತ್ರಿ ಆ ಸಂದುಗಳಲ್ಲಿ ದೀಪವಿಲ್ಲದ ಗಾಡಿಗಳು ಉತ್ತರಕ್ಕೆ ಹರಿಯಲು ಶುರುವಾದವು.

ಅಂದಿನಿಂದ ನಗರದಲ್ಲಿ ಸೈರನ್ನಿನ ಕಾಲ. ಏರುತ್ತ ಇಳಿಯುತ್ತ ಕೂಗಿದರೆ ಅಪಾಯ. ಒಂದೇ ಸಮನೆ ಕೂಗಿದರೆ ಪಾರಾದ ಹಾಗೆ. ಮೊದಲ ದಿನ ಮೆಟ್ಟಿಲು ಇಳಿದು ಓಡಿದವರು ನಾಲ್ಕನೇ ದಿನಕ್ಕೆ ಚಹಾದ ಲೋಟ ಕೈಯಲ್ಲೇ ಹಿಡಿದು ಒಳಕೋಣೆಗೆ ನಡೆಯುತ್ತಿದ್ದರು. ಇರಾಕ್ ಹದಿನೈದಕ್ಕೂ ಹೆಚ್ಚು ಕ್ಷಿಪಣಿಗಳನ್ನು ಹಾರಿಸಿತು; ಹಲವನ್ನು ಪೇಟ್ರಿಯಟ್ ಕ್ಷಿಪಣಿಗಳು ಆಕಾಶದಲ್ಲೇ ಹೊಡೆದವು. ಅದೇ ಪೇಟ್ರಿಯಟ್ 23ರಂದು ಕುವೈತಿಗೆ ಹಿಂದಿರುಗುತ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಶತ್ರುವೆಂದು ಬಗೆದು ಉರುಳಿಸಿ ಇಬ್ಬರನ್ನು ಕೊಂದಿತು. 29ರ ನಡುರಾತ್ರಿ ದಾಟಿದ ಮೇಲೆ ಸಮುದ್ರದ ಮೇಲಿಂದ ತಗ್ಗಿನಲ್ಲಿ ಬಂದ ಇರಾಕಿ ಕ್ಷಿಪಣಿಯೊಂದು ಯಾರ ಕಣ್ಣಿಗೂ ಬೀಳದೆ ಶರ್ಕ್ ಮಾಲಿನ ಪಕ್ಕದ ಕಟ್ಟೆಗೆ ಬಡಿಯಿತು. ಗಾಜು ಉದುರಿ, ಚಾವಣಿಯ ತಗಡು ಕಿತ್ತು ನೇತಾಡಿತು. ಮಾಲು ಮುಚ್ಚಿದ್ದ ಹೊತ್ತು. ಸಣ್ಣಪುಟ್ಟ ಗಾಯಗಳಷ್ಟೇ ಆದವು. ಅಲ್ಲೇ ಮಗ್ಗುಲಲ್ಲಿ ಮೀನು ಮಾರುಕಟ್ಟೆ. ಮಂಜುಗಡ್ಡೆಯ ಮೇಲೆ ಮಲಗಿಸಿದ ಜುಬೈದಿ, ಅಂದರೆ ನಮ್ಮ ಮಾಂಜಿ ಮೀನು, ಕುವೈತಿಗಳಿಗೂ ಮಂಗಳೂರಿನವರಿಗೂ ಒಂದೇ ಆಸೆ ಹುಟ್ಟಿಸುವ ಜಾಗ ಅದು.

ಬೇಲಿಯ ಆ ಬದಿಗೆ ಸಫ್ವಾನ್ ಎಂಬ ಧೂಳಿನ ಊರು, ಟೊಮೇಟೊ ತೋಟಗಳ ಊರು. 26ರಂದು ಕುವೈತ್ ರೆಡ್ ಕ್ರೆಸೆಂಟಿನ ಲಾರಿಗಳು ಊಟದ ಪೆಟ್ಟಿಗೆ ಹೇರಿಕೊಂಡು ಅಲ್ಲಿಗೆ ಹೋದವು. ಬಾಗಿಲು ತೆರೆದದ್ದೇ ತಡ ಹುಡುಗರು ಲಾರಿ ಹತ್ತಿದರು; ಬಲವಿದ್ದವನ ಕೈಗೆ ನಾಲ್ಕು ಪೆಟ್ಟಿಗೆ, ಮುದುಕಿಯ ಕೈಗೆ ಹರಿದ ರಟ್ಟು. ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡೇ ಕೆಲವರು ಕ್ಯಾಮೆರಾಗಳ ಮುಂದೆ ಸದ್ದಾಂನಿಗೆ ಜೈಕಾರ ಹಾಕಿದರು. ನೆರೆಯವನು ಕೊಟ್ಟ ಅನ್ನವೂ ಬೇಕು, ನೆರೆಯವನ ಅಂಗಳದಿಂದ ಬಂದ ಟ್ಯಾಂಕನ್ನು ಮರೆಯಲೂ ಆಗದು.

ಅಲ್ಲಿಂದ ಸಮುದ್ರದ ಕಡೆ ಹೋದರೆ ಉಮ್ ಕಸ್ರ್ ಬಂದರು. ಅಲ್ಲಿನ ಜನಕ್ಕೆ ಕುಡಿಯುವ ನೀರಿಗೆ ತತ್ವಾರವಾಗಿತ್ತು. ಬ್ರಿಟನ್ನಿನ ಸೇನಾ ಎಂಜಿನಿಯರುಗಳು ಮರಳ ಮೇಲೆ ಪೈಪು ಹಾಸಿ, ತಿಂಗಳ ಕೊನೆಯ ಹೊತ್ತಿಗೆ ಕುವೈತಿನಿಂದ ನೀರು ಹರಿಸಿದರು. ಟ್ಯಾಂಕರಿನ ನಲ್ಲಿಗೆ ಕೊಡ, ಎಣ್ಣೆ ಡಬ್ಬ, ಬಕೆಟ್ಟು ಹಿಡಿದು ಮುಗಿಬಿದ್ದ ಹೆಂಗಸರು ಮಕ್ಕಳ ಗದ್ದಲವನ್ನು ಊಹಿಸಿಕೊಳ್ಳಿ. ಕುವೈತಿನಲ್ಲಿ ನದಿಯಿಲ್ಲ, ಕೆರೆಯಿಲ್ಲ. ಕುಡಿಯುವುದು ಸಮುದ್ರದ ಉಪ್ಪು ತೆಗೆದ ನೀರನ್ನು. ಆ ಯಂತ್ರಗಳು ಬರುವ ಮೊದಲು, ಕಳೆದ ಶತಮಾನದ ನಡುಭಾಗದವರೆಗೂ, ಕುವೈತಿನ ಹಾಯಿದೋಣಿಗಳು ಇರಾಕಿನ ಬಸ್ರಾದ ಕಡೆಗೆ ಹೋಗಿ ಶತ್ ಅಲ್ ಅರಬ್ ನದಿಯ ನೀರನ್ನು ತೊಟ್ಟಿಗಳಲ್ಲಿ ತುಂಬಿಸಿಕೊಂಡು ಬರುತ್ತಿದ್ದವು. ತಲೆಮಾರುಗಳ ಕಾಲ ಆ ನೀರು ಕುಡಿದು ಬದುಕಿದ ಊರು ಈಗ ನದಿಯ ದೇಶಕ್ಕೇ ನೀರು ಕಳಿಸಿತು. ಬಾಂಬಿಗೆ ಎರಡೂ ಕೈ ಕಳೆದುಕೊಂಡ ಬಾಗ್ದಾದಿನ ಹನ್ನೆರಡು ವರ್ಷದ ಹುಡುಗನನ್ನು ಏಪ್ರಿಲಿನಲ್ಲಿ ಕರೆತಂದು ಸುಟ್ಟಗಾಯಕ್ಕೆ ಚಿಕಿತ್ಸೆ ಕೊಟ್ಟದ್ದೂ ಕುವೈತಿನ ಆಸ್ಪತ್ರೆಯೇ.

ಕಾಳಗದ ತಿಂಗಳುಗಳಲ್ಲಿ ನೆಲೆ, ಆಹಾರ, ಇಂಧನ ಎಂದು ಕುವೈತ್ ವಹಿಸಿಕೊಂಡ ಹೊರೆಯನ್ನು ಅಮೆರಿಕದ ದಾಖಲೆಗಳು 26.6 ಕೋಟಿ ಡಾಲರ್ ಎನ್ನುತ್ತವೆ. ಮರುವರ್ಷ ಅಮೆರಿಕ ಕುವೈತಿಗೆ ನೇಟೊ ಹೊರಗಿನ ಪ್ರಮುಖ ಮಿತ್ರದೇಶವೆಂಬ ಪಟ್ಟ ಕೊಟ್ಟಿತು. ಅದೇ 2004ರ ಜುಲೈನಲ್ಲಿ ಕುವೈತಿನ ಸಾರಿಗೆ ಕಂಪನಿಯೊಂದರ ಲಾರಿಗಳನ್ನು ಇರಾಕಿಗೆ ಒಯ್ದಿದ್ದ ಏಳು ಜನ ಚಾಲಕರನ್ನು ಬಂಡುಕೋರರು ಅಪಹರಿಸಿದರು: ಮೂವರು ಭಾರತೀಯರು, ಮೂವರು ಕೀನ್ಯಾದವರು, ಒಬ್ಬ ಈಜಿಪ್ಟಿನವನು. ಸೆಪ್ಟೆಂಬರ್ ಮೊದಲ ದಿನ ಬಿಡುಗಡೆಯಾಗುವವರೆಗೆ ಹಿಮಾಚಲ, ಪಂಜಾಬಿನ ಹಳ್ಳಿಗಳಲ್ಲಿ ಒಲೆ ಹೊತ್ತಲಿಲ್ಲ. ಕುವೈತ್ ತನ್ನ ಒಬ್ಬ ಸೈನಿಕನನ್ನೂ ಗಡಿ ದಾಟಿಸದ ಯುದ್ಧದಲ್ಲಿ ಲಾರಿಯ ಚಕ್ರ ಹಿಡಿದವರಿಗೆ ಅಂಥ ಆಯ್ಕೆ ಇರಲಿಲ್ಲ.

ಕಾಣೆಯಾದ ಕುವೈತಿಗಳನ್ನು ಹುಡುಕುವ ಕೆಲಸ 2003ರಲ್ಲೇ ಶುರುವಾಗಿತ್ತು. ಇರಾಕಿನ ಮರುಭೂಮಿಯ ಸಾಮೂಹಿಕ ಗೋರಿಗಳನ್ನು ಅಗೆದು, ಎಲುಬಿನ ಚೂರು, ಬಟ್ಟೆಯ ತುಂಡು ತಂದು, ಬಂಧುಗಳ ರಕ್ತದ ಮಾದರಿಯೊಡನೆ ಹೋಲಿಸಿ ಇನ್ನೂರಕ್ಕೂ ಹೆಚ್ಚು ಜನರ ಗುರುತು ಹಿಡಿದರು. ಜೀವಂತ ಸಿಕ್ಕಿದವರು ಒಬ್ಬರೂ ಇಲ್ಲ. 1990ರ ಆಕ್ರಮಣಕ್ಕೆ ವಿಶ್ವಸಂಸ್ಥೆ ವಿಧಿಸಿದ್ದ ಪರಿಹಾರವನ್ನು ಕಂತು ಕಟ್ಟುತ್ತ ಬಂದ ಇರಾಕ್, ಕೊನೆಯ ಕಂತು ತೀರಿಸಿದ್ದು 2022ರ ಜನವರಿಯಲ್ಲಿ. ಒಟ್ಟು 5,240 ಕೋಟಿ ಡಾಲರ್. ಅದಕ್ಕೂ ನಾಲ್ಕು ವರ್ಷ ಮುಂಚೆ, 2018ರ ಫೆಬ್ರವರಿಯಲ್ಲಿ, ಇರಾಕಿನ ಪುನರ್ನಿರ್ಮಾಣಕ್ಕೆ ಹಣ ಕೂಡಿಸುವ ಸಮ್ಮೇಳನ ಸೇರಿದ್ದು ಕುವೈತ್ ನಗರದಲ್ಲೇ. ಆತಿಥೇಯ ದೇಶ ಸಾಲ ಮತ್ತು ಹೂಡಿಕೆಯಾಗಿ 200 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟಿತು. ತನ್ನ ಅಂಗಳದಿಂದ ಸೇನೆಯನ್ನು ಸಾಗಿಸಲು ಮಾಡಿದ ಖರ್ಚಿನ ಏಳು ಪಟ್ಟಿಗೂ ಹೆಚ್ಚು ಹಣ ಅದು, ಆ ಸೇನೆ ಹೊಕ್ಕ ದೇಶವನ್ನು ಮತ್ತೆ ಕಟ್ಟುವುದಕ್ಕೆ.